ಸಹಾಯ ಬೇಕು: ಅಮ್ಮನ ಶುಗರ್ ಬೆಳಿಗ್ಗೆಯೇ ಏಕೆ ಏರುತ್ತದೆ?

ನಮಸ್ಕಾರ. ಅಮ್ಮನಿಗೆ ಟೈಪ್ 2 ಮಧುಮೇಹ. ಮಲಗುವಾಗ 130ರ ಆಸುಪಾಸಿನಲ್ಲಿರುವ ಶುಗರ್, ಬೆಳಿಗ್ಗೆ ಕಾಫಿಗೂ ಮುಂಚೆ ಬೆರಳು ಚುಚ್ಚಿ ನೋಡಿದರೆ 180 ದಾಟಿರುತ್ತದೆ. ರಾತ್ರಿ ಒಂದೇ ಮುದ್ದೆ, ಸೊಪ್ಪಿನ ಸಾರು. ಆಮೇಲೆ ಏನೂ ತಿನ್ನುವುದಿಲ್ಲ. ಆದರೂ ತನ್ನದೇ ತಪ್ಪೆಂದು ಕೊರಗಿ ಆ ಮುದ್ದೆಯನ್ನೂ ಅರ್ಧ ಮಾಡಿದ್ದಾಳೆ. ನನಗೆ ಅದೇ ಸಂಕಟ.

ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಹೆಚ್ಚಿದಾಗ ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುತ್ತದೆ, ಇನ್ಸುಲಿನ್ ಸಾಲದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ ಎಂದರು ವೈದ್ಯರು. ರಾತ್ರಿ ಶುಗರ್ ತೀರಾ ಇಳಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು 3 ಗಂಟೆಗೂ ಪರೀಕ್ಷಿಸಿ ಬರೆದಿಡಬೇಕಂತೆ. ಹಾಗೆ ಮಾಡಿದವರು ಯಾರಾದರೂ ಇದ್ದೀರಾ? ವಯಸ್ಸಾದವರ ನಿದ್ದೆ ಕೆಡದಂತೆ ಹೇಗೆ ನಿಭಾಯಿಸಿದಿರಿ? ತೋಳಿಗೆ ಅಂಟಿಸುವ ಸೆನ್ಸರ್ ಬಳಸಿದವರೂ ದಯವಿಟ್ಟು ಅನುಭವ ತಿಳಿಸಿ. ಮಾತ್ರೆಯ ವಿಷಯ ವೈದ್ಯರಿಗೇ ಬಿಟ್ಟಿದ್ದೇವೆ.