ಮುಠಾ ನದಿಗೆ ಮೇಫ್ಲೈ ವಾಪಸ್ ಬರುತ್ತಾ?

ಸಿಂಹಗಡ ರೋಡ್ ಕನ್ನಡಿಗ: ಜಪಾನ್ ಸಾಲದ ಯೋಜನೆಯಲ್ಲಿ ಪುಣೆಗೆ 11 ಕೊಳಚೆ ನೀರು ಶುದ್ಧೀಕರಣ ಘಟಕ. ಒಟ್ಟು ಸಾಮರ್ಥ್ಯ ದಿನಕ್ಕೆ 39.6 ಕೋಟಿ ಲೀಟರ್. ಎಲ್ಲವೂ ಸರಿಯಾಗಿ ನಡೆದರೆ ಮುಠಾ ಮತ್ತೆ ಬದುಕುತ್ತೆ. ಥೇಮ್ಸ್ ನದಿಯನ್ನೂ 1957ರಲ್ಲಿ ಸತ್ತಿದೆ ಅಂದಿದ್ದರು. ಘಟಕ ಸುಧಾರಿಸಿದ ಮೇಲೆ ಮೀನು, ಹುಳ ಎಲ್ಲಾ ಬಂದವು.

ಕಲ್ಲು ಎತ್ತಿ ನೋಡುವವಳು: "ಬದುಕುತ್ತೆ" ಅಂದ್ರೆ ಏನು ಸರ್? ಜನವರಿಯಲ್ಲಿ ಖಡಕವಾಸ್ಲಾ ಅಣೆಕಟ್ಟಿನ ಮೇಲ್ಗಡೆ ಒಂದು ಹಳ್ಳದಲ್ಲಿ ಕಲ್ಲು ಎತ್ತಿದೆ. ಅಡಿಯಲ್ಲಿ ಮೇಫ್ಲೈ ಅನ್ನೋ, ನೀರಲ್ಲಿ ಬೆಳೆದು ಆಮೇಲೆ ರೆಕ್ಕೆ ಬಂದು ಹಾರುವ ಕೀಟದ ಚಪ್ಪಟೆ ಮರಿ. ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಕಿವಿರು ಪಟಪಟ ಆಡುತ್ತಿತ್ತು. ಅದೇ ದಿನ ಊರೊಳಗಿನ ವಿಠ್ಠಲವಾಡಿ ಹತ್ತಿರ ಒಂದು ಬೊಗಸೆ ಕೆಸರು ತೆಗೆದೆ. ಬರೀ ಕೆಂಪು ಹುಳ.

ಮೀನುತೊಟ್ಟಿ: ನೋಡಿ, ನೀವೇ ಒಪ್ಪಿದ್ರಿ, ಹುಳ ಇದೆ! ಆ ಕೆಂಪು ಹುಳ ನಾನು ದುಡ್ಡು ಕೊಟ್ಟು ಮೀನಿಗೆ ತರ್ತೀನಿ. ನೀರು ಅಷ್ಟು ಕೆಟ್ಟಿದ್ದರೆ ಅದು ಉಳಿಯುತ್ತಿತ್ತಾ?

ಭೀಮಾತೀರ: ನಮ್ಮ ಊರು ಅಫಜಲಪುರ ಕಡೆ. ಮುಳಾ-ಮುಠಾ ಸೇರೋದು ಭೀಮೆಗೆ. ಉಜನಿ ಅಣೆಕಟ್ಟು ದಾಟಿ ಆ ಹೊಳೆ ನಮ್ಮ ಕಡೆಗೇ ಬರೋದು. ನಮ್ಮ ಹೊಳೆಯ ಏಡಿ, ಚಿಪ್ಪಿನ ಗತಿ ಏನು, ಯಾರಾದರೂ ಹೇಳಿ.

ಕಲ್ಲು ಎತ್ತಿ ನೋಡುವವಳು: @ಮೀನುತೊಟ್ಟಿ, ಅದು ಕೆಂಪಗಿರೋದೇ ಹಿಮೋಗ್ಲೋಬಿನ್‌ನಿಂದ. ನಮ್ಮ ರಕ್ತದಲ್ಲಿ ಇರುವಂಥದ್ದೇ. ಆಮ್ಲಜನಕ ತೀರಾ ಕಮ್ಮಿ ಇದ್ದರೂ ಬದುಕುತ್ತೆ. ಯಾವ ಹುಳಕ್ಕೆ ಎಷ್ಟು ಶುದ್ಧ ನೀರು ಬೇಕು ಅಂತ 1ರಿಂದ 10ರವರೆಗೆ ಅಂಕ ಕೊಡುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪಟ್ಟಿಯಲ್ಲಿ ಆ ಹುಳಕ್ಕೆ 2. ಚಪ್ಪಟೆ ಮೇಫ್ಲೈಗೆ 10.

ಮೀನುತೊಟ್ಟಿ: ಬ್ರಿಟನ್ನಿನ ಅಂಕಪಟ್ಟಿ ಸಹ್ಯಾದ್ರಿ ನದಿಗೆ ಯಾಕೆ? ಮುಳಾ-ಮುಠಾ ಸಂಗಮದ ಹತ್ತಿರ ನಾನೇ ಬಸವನಹುಳು ನೋಡಿದ್ದೇನೆ. ಅದಕ್ಕೂ ರಕ್ತ ಕೆಂಪಾ?

ಕಲ್ಲು ಎತ್ತಿ ನೋಡುವವಳು: ಕೊಳಚೆಯಲ್ಲಿ ತಡೆದುಕೊಳ್ಳುವ ಬಸವನಹುಳು ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತೆ. ನೀರಿನ ಆಮ್ಲಜನಕದ ಹಂಗೇ ಇಲ್ಲ. ಮೇಫ್ಲೈ ಮರಿಗೆ ಆ ದಾರಿ ಇಲ್ಲ ಅಲ್ವಾ!

ಪ್ಲಾಂಟ್ ಆಪರೇಟರ್: ಹತ್ತು ವರ್ಷದಿಂದ ಇದೇ ಕೆಲಸ ನನ್ನದು. ಎಲ್ಲರೂ ಬಿಒಡಿ (ನೀರಲ್ಲಿನ ಕೊಳೆ ಕರಗೋಕೆ ಖರ್ಚಾಗುವ ಆಮ್ಲಜನಕದ ಅಳತೆ) ಅಂತಾರೆ, ಅಮೋನಿಯಾ ಕೇಳೋರೇ ಇಲ್ಲ. ಗಾಳಿ ಊದುವುದು ಕಮ್ಮಿಯಾದರೆ ಬಿಒಡಿ ಇಳಿದರೂ ಅಮೋನಿಯಾ ಹಾಗೇ ಹೋಗುತ್ತೆ. ಕೊನೆಗೆ ಹಾಕುವ ಕ್ಲೋರಿನ್ ಉಳಿದರೆ ಅದೂ ಮರಿಗಳನ್ನು ಕೊಲ್ಲುತ್ತೆ.

ಸಿಂಹಗಡ ರೋಡ್ ಕನ್ನಡಿಗ: "ಕೊಲ್ಲುತ್ತೆ"? ಹಾಗಾದರೆ ಘಟಕವೇ ಬೇಡ ಅಂತೀರಾ? ಚರಂಡಿ ನೀರು ನೇರವಾಗಿ ಬಿಡೋದೇ ವಾಸಿನಾ?

ಪ್ಲಾಂಟ್ ಆಪರೇಟರ್: ಬೇಡ ಅಂತ ಎಲ್ಲಿ ಬರೆದೆ? ಓದಿ ಮಾತಾಡಿ.

ಮೀನುತೊಟ್ಟಿ: ಯಾರೂ ನನ್ನ ಪ್ರಶ್ನೆಗೆ ಉತ್ತರ ಕೊಡ್ತಿಲ್ಲ. ಹುಳ ಇದೆ, ಬಸವನಹುಳು ಇದೆ. ಸತ್ತ ನದಿ ಅನ್ನೋದು ಸುಮ್ನೆ ಹೆದರಿಸೋ ಮಾತು.

ಔಂಧ್ ಅಕ್ಕ: ತಮ್ಮಾ, ಮನೆಯಲ್ಲಿ ಜಿರಲೆ ಮಾತ್ರ ಉಳಿದರೆ ಮನೆ ತುಂಬಿದೆ ಅಂತೀಯಾ? ಘಟಕದಿಂದ ಲಾಭ ಖಂಡಿತ ಇದೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಯುರೋಪಿನ 22 ದೇಶಗಳ ಲೆಕ್ಕ ಬಂತು. 1968ರಿಂದ 2020ರವರೆಗಿನ 1,816 ಸರಣಿ ದಾಖಲೆ. ನೀರಿನ ಹುಳಗಳ ಬಗೆಗಳ ಸಂಖ್ಯೆ ವರ್ಷಕ್ಕೆ 0.73% ಹೆಚ್ಚಿತ್ತು. ಆದರೆ 2010ರ ನಂತರ ಆ ಏರಿಕೆ ನಿಂತುಬಿಟ್ಟಿದೆ.

ಸಿಂಹಗಡ ರೋಡ್ ಕನ್ನಡಿಗ: "ಹೆಚ್ಚಿತ್ತು". ಅಕ್ಕನೇ ಹೇಳಿದರು. ನಾನು ಮೊದಲಿಂದ ಹೇಳಿದ್ದೂ ಅದೇ.

ಕಲ್ಲು ಎತ್ತಿ ನೋಡುವವಳು: "ನಿಂತುಬಿಟ್ಟಿದೆ" ಅನ್ನೋದನ್ನೂ ಓದಿ! ಬೇಸಿಗೆಯಲ್ಲಿ ಖಡಕವಾಸ್ಲಾ ನೀರು ನಲ್ಲಿಗೆ, ಕಾಲುವೆಗೆ ಹೋಗುತ್ತೆ. ಊರೊಳಗೆ ಹರಿಯೋದು ಹೆಚ್ಚಾಗಿ ನಾವು ಬಿಟ್ಟ ನೀರೇ. ತೆಳುವಾಗಿಸೋಕೆ ಹೊಸ ನೀರಿಲ್ಲ. ಮೇಫ್ಲೈಗೆ ರೆಕ್ಕೆ ಇದೆ, ಹಾರಿ ಬಂದು ಮೊಟ್ಟೆ ಇಡಬಹುದು. ಆದರೆ ಮೊಟ್ಟೆ ಒಡೆದ ಮೇಲೆ ಮರಿ ಕಚ್ಚಿಕೊಳ್ಳೋಕೆ ಕಲ್ಲು ಬೇಕು. ಅಲ್ಲಿ ಕಲ್ಲಿನ ಮೇಲೆ ಮೊಣಕಾಲುದ್ದ ಕೆಸರು ಕೂತಿದೆ.

ಮೀನುತೊಟ್ಟಿ: ಮೊಣಕಾಲುದ್ದ? ಅಳತೆ ಪಟ್ಟಿ ಹಿಡಿದು ಇಳಿದಿದ್ರಾ ಮೇಡಂ?

ಕಲ್ಲು ಎತ್ತಿ ನೋಡುವವಳು: ಹೌದು, ನನ್ನದೇ ಕಾಲು. ಚಪ್ಪಲಿ ಇನ್ನೂ ಅಲ್ಲೇ ಇದೆ.

ಭೀಮಾತೀರ: ನಾನು ಒಂದು ಪ್ರಶ್ನೆ ಕೇಳಿ ಎಷ್ಟು ಹೊತ್ತಾಯಿತು. ನಮ್ಮ ಅಜ್ಜ ಸಂಜೆ ಹೊಳೆಗೆ ಹೋದರೆ ಒಂದು ಬುಟ್ಟಿ ಏಡಿ ತರುತ್ತಿದ್ದರು. ಈಗ ನನ್ನ ಮಗನಿಗೆ ತೋರಿಸೋಕೆ ಒಂದೂ ಸಿಗಲ್ಲ. ಅಫಜಲಪುರದ ಜನ ಈ ನಗರದ ಲೆಕ್ಕದಲ್ಲಿ ಇದ್ದಾರಾ, ಇಲ್ವಾ?