ಮೊದಲ ಪುಶ್‌ಗೇ 403, ತಲೆ ಕೆಟ್ಟಿದೆ

ಹೊಸಬ_ಹಾವೇರಿ:
ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಕನ್ನಡ ಅನುವಾದದಲ್ಲಿ ‘ಉಳಿಸು’ ಅನ್ನೋದು ‘ಊಳಿಸು’ ಆಗಿತ್ತು. ತಿದ್ದಿದೆ, ಗಿಟ್‌ನಲ್ಲಿ ಕಮಿಟ್ ಮಾಡಿದೆ (ಬದಲಾವಣೆ ದಾಖಲಿಸಿದೆ). ಗಿಟ್‌ಹಬ್‌ಗೆ ಪುಶ್ ಮಾಡಿದರೆ, ಅಂದರೆ ಕಳಿಸಿದರೆ, 403 ಅಂತ ಎರರ್. ಎಲ್ಲಾ ಸರಿಯಾಗಿಯೇ ಮಾಡಿದ್ದೇನೆ. ಒಂದು ದೀರ್ಘ ತೆಗೆಯೋಕೆ ಇಷ್ಟೊಂದು ಗೋಳಾ?

ಟರ್ಮಿನಲ್_ತಿಮ್ಮ:
ಪಾಸ್‌ವರ್ಡ್ ಹಾಕಿರುತ್ತೀರಿ. ಗಿಟ್‌ಹಬ್ ಅದನ್ನು 2021ರ ಆಗಸ್ಟ್ 13ಕ್ಕೇ ನಿಲ್ಲಿಸಿದೆ. ಪಾಸ್‌ವರ್ಡ್ ಬದಲಿಗೆ ಹಾಕುವ ಟೋಕನ್ ಮಾಡಿಕೊಳ್ಳಿ, ಅದರ ಅನುಮತಿಗಳಲ್ಲಿ ‘ರೆಪೊ’ಗೆ (ಪ್ರಾಜೆಕ್ಟ್‌ನ ಫೈಲ್‌ಗಳಿರುವ ಜಾಗ) ಟಿಕ್ ಹಾಕಿ.

ಹೊಸಬ_ಹಾವೇರಿ:
ಟೋಕನ್ನೇ ಹಾಕಿದ್ದು. ಟಿಕ್ ಕೂಡ ಇದೆ.

ಟರ್ಮಿನಲ್_ತಿಮ್ಮ:
ಹಾಗಾದರೆ ಹಳೇ ಪಾಸ್‌ವರ್ಡ್, ಲಾಗಿನ್ ವಿವರ ನೆನಪಿಡುವ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಕೂತಿದೆ. ಅದನ್ನು ಅಳಿಸಿ ಹೊಸ ಟೋಕನ್ ಹಾಕಿ.

ಹೊಸಬ_ಹಾವೇರಿ:
ಅಳಿಸಿದೆ. ಇದು ಮೂರನೇ ಟೋಕನ್. ಅದೇ 403.

ಕರಾವಳಿ_ಕರ್ನಲ್:
ಟೋಕನ್ ಸಹವಾಸವೇ ಬೇಡ, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ಗುರುತು ತೋರಿಸುವ ಫೈಲ್) ಮಾಡಿಕೊಳ್ಳಿ. ನಾನು ವಿಂಡೋಸ್ ಬಿಟ್ಟು ಆರ್ಚ್ ಲಿನಕ್ಸ್‌ಗೆ ಬಂದು ಆರು ವರ್ಷ. ಹಳೇ ಥಿಂಕ್‌ಪ್ಯಾಡ್, 16 ಜಿಬಿ ರ‍್ಯಾಮ್, ಮೌಸ್ ಮುಟ್ಟೋದೇ ಇಲ್ಲ.

ಟರ್ಮಿನಲ್_ತಿಮ್ಮ:
ಅವರು ನಿಮ್ಮ ಲ್ಯಾಪ್‌ಟಾಪ್ ಬಗ್ಗೆ ಕೇಳಿಲ್ಲ. ಎಷ್ಟೋ ಆಫೀಸ್‌ಗಳಲ್ಲಿ ಎಸ್‌ಎಸ್‌ಎಚ್ ಹೋಗುವ ದಾರಿ, 22ನೇ ಪೋರ್ಟ್, ಮುಚ್ಚಿರುತ್ತಾರೆ.

ಕರಾವಳಿ_ಕರ್ನಲ್:
443ರಲ್ಲೂ ಎಸ್‌ಎಸ್‌ಎಚ್ ಹೋಗುತ್ತದೆ ಸ್ವಾಮಿ. ಓದಿಕೊಂಡು ಬನ್ನಿ.

ಮರ್ಜ್_ಮಾಮ:
ಒಂದಕ್ಷರಕ್ಕೂ ಪುಲ್ ರಿಕ್ವೆಸ್ಟಾ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ)? ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಅದರ ಆಸೆಗೆ ರೀಡ್‌ಮಿ ಫೈಲ್‌ಗೆ ಒಂದೊಂದು ಪದ ಸೇರಿಸಿ ಕಳಿಸಿ ಪ್ರಾಜೆಕ್ಟ್ ನೋಡಿಕೊಳ್ಳುವ ನಮ್ಮಂಥ ಮೇಂಟೇನರ್‌ಗಳ ಜೀವ ತಿಂದಿದ್ದರು.

ಒತ್ತಕ್ಷರ:
ಮಾಮ, ಬಟನ್ ಮೇಲೆ ದಿನಾ ಕಾಣುವ ಕಾಗುಣಿತದ ತಪ್ಪು ಬೇರೆ, ಅದು ಬೇರೆ. ಸುಮ್ನೆ ಹೆದರಿಸಬೇಡಿ. ಹಾವೇರಿಯವರೇ, 403ರ ಮೇಲಿನ ಸಾಲು ಪೂರ್ತಿ ಹಾಕಿ. ಪುಶ್ ಯಾವ ವಿಳಾಸಕ್ಕೆ ಹೋಗುತ್ತಿದೆ ನೋಡೋಣ, ‘ಗಿಟ್ ರಿಮೋಟ್ -ವಿ’ ಕೊಟ್ಟರೆ ಏನು ಬರುತ್ತದೆ?

ಹೊಸಬ_ಹಾವೇರಿ:
‘ಪರ್ಮಿಷನ್ ಟು’ ಅಂತ ಪ್ರಾಜೆಕ್ಟ್ ಹೆಸರು, ‘ಡಿನೈಡ್ ಟು’ ಅಂತ ನನ್ನ ಹೆಸರು. ರಿಮೋಟ್‌ನಲ್ಲಿ ಒರಿಜಿನ್ ಒಂದೇ ಇದೆ, ಅದು ಪ್ರಾಜೆಕ್ಟ್‌ನ ವಿಳಾಸ. ಅವರ ಪೇಜಿನಿಂದಲೇ ಕ್ಲೋನ್ ಮಾಡಿದ್ದಲ್ವಾ (ನನ್ನ ಕಂಪ್ಯೂಟರ್‌ಗೆ ಇಳಿಸಿಕೊಂಡಿದ್ದು)!

ಒತ್ತಕ್ಷರ:
ಫೋರ್ಕ್ ಮಾಡಿಲ್ಲ ಅಲ್ವಾ? ಹೆಸರು ಹಿಡಿದು ಬೇಡ ಅನ್ನುತ್ತಿದೆ ಅಂದರೆ ನಿಮ್ಮ ಗುರುತು ಸಿಕ್ಕಿದೆ, ಲಾಗಿನ್ ಸರಿಯಿದೆ. ಬೇರೆಯವರ ರೆಪೊಗೆ ನೇರವಾಗಿ ಪುಶ್ ಮಾಡಲು ನಿಮಗೆ ಅನುಮತಿ ಇಲ್ಲ, ಅಷ್ಟೇ. ಅವರ ಪೇಜಿನಲ್ಲಿ ಫೋರ್ಕ್ ಒತ್ತಿ, ನಿಮ್ಮ ಖಾತೆಗೆ ಒಂದು ಪ್ರತಿ ಬರುತ್ತದೆ. ಮಾಡಿದ ಕಮಿಟ್ ಎಲ್ಲೂ ಹೋಗುವುದಿಲ್ಲ, ಮತ್ತೆ ಕ್ಲೋನ್ ಬೇಡ. ‘ಗಿಟ್ ರಿಮೋಟ್ ರಿನೇಮ್ ಒರಿಜಿನ್ ಅಪ್‌ಸ್ಟ್ರೀಮ್’ ಕೊಡಿ, ಅವರ ವಿಳಾಸದ ಹೆಸರು ಅಪ್‌ಸ್ಟ್ರೀಮ್ ಆಗುತ್ತದೆ. ಆಮೇಲೆ ‘ಗಿಟ್ ರಿಮೋಟ್ ಆಡ್ ಒರಿಜಿನ್’, ಅದರ ಮುಂದೆ ನಿಮ್ಮ ಫೋರ್ಕ್‌ನ ವಿಳಾಸ. ಹೊಸ ಬ್ರಾಂಚ್ (ಬದಲಾವಣೆಗೆ ಬೇರೆ ಕವಲು) ಮಾಡಿ ಒರಿಜಿನ್‌ಗೆ ಪುಶ್ ಮಾಡಿ. ಪುಲ್ ರಿಕ್ವೆಸ್ಟ್ ಅಲ್ಲಿಂದ.

ಹೊಸಬ_ಹಾವೇರಿ:
ಅಯ್ಯೋ. ಫೋರ್ಕ್ ಅಂದರೆ ಪ್ರಾಜೆಕ್ಟ್ ಒಡೆದು ಪಾಲು ಮಾಡಿಕೊಳ್ಳೋದು ಅಂದುಕೊಂಡಿದ್ದೆ. ಅದಕ್ಕೇ ಆ ಬಟನ್ ಮುಟ್ಟಿರಲಿಲ್ಲ.

ಟರ್ಮಿನಲ್_ತಿಮ್ಮ:
ಯಾವುದಕ್ಕೂ ಟೋಕನ್‌ನ ಅವಧಿ ಒಮ್ಮೆ ನೋಡಿ.

ಹೊಸಬ_ಹಾವೇರಿ:
ಪುಶ್ ಆಯಿತು! ಒತ್ತಕ್ಷರ ಅವರೇ, ದೊಡ್ಡ ಉಪಕಾರ. ಪುಲ್ ರಿಕ್ವೆಸ್ಟ್ ಕೂಡ ಹಾಕಿದೆ. ಆದರೆ 1,846 ಸಾಲು ಬದಲಾಗಿದೆ ಅಂತ ತೋರಿಸುತ್ತಿದೆ. ನಾನು ತೆಗೆದಿದ್ದು ಒಂದೇ ದೀರ್ಘ.

ಮರ್ಜ್_ಮಾಮ:
ಬಂತು ನೋಡಿ.

ಒತ್ತಕ್ಷರ:
ಫೈಲ್ ಪೂರ್ತಿ ಸಾಲಿನ ಕೊನೆಯ ಕಾಣದ ಗುರುತುಗಳು ವಿಂಡೋಸ್‌ನ ಸಿಆರ್‌ಎಲ್‌ಎಫ್ ಆಗಿರಬೇಕು, ಅದಕ್ಕೇ ಪ್ರತಿ ಸಾಲೂ ಬದಲಾದಂತೆ ಕಾಣುತ್ತಿದೆ. ಯಾವ ಎಡಿಟರ್‌ನಲ್ಲಿ ಸೇವ್ ಮಾಡಿದಿರಿ?

ಕರಾವಳಿ_ಕರ್ನಲ್:
ಆರ್ಚ್‌ನಲ್ಲಿ ಇದೆಲ್ಲ ಬರೋದೇ ಇಲ್ಲ. ನನ್ನ ವಿಮ್ ಎಡಿಟರ್ ಸೆಟಪ್‌ನ ಫೋಟೋ ಹಾಕಲಾ?