ಓಓ ಎಂಜಿನ್ ಹಿಂದೆ ಎಚ್‌ಓ ಬೋಗಿ ಓಡುತ್ತದಾ?

ಉಪ್ಪಳದವ:
ಮಾವ ದುಬೈಯಿಂದ ಬರುವಾಗ ತಂದಿದ್ದ ಆಟದ ರೈಲಿನ ಸೆಟ್ಟನ್ನು ಅಟ್ಟದಿಂದ ಇಳಿಸಿದ್ದೇನೆ. ಪೆಟ್ಟಿಗೆ ಮೇಲೆ ಓಓ ಅಂತ ಉಂಟು. ಎಂಜಿನ್ ಒಂದು ಮೊಳ ಹೋಗಿ ನಿಲ್ಲುತ್ತದೆ, ಬೆರಳಲ್ಲಿ ದೂಡಿದರೆ ಮತ್ತೆ ಹೊರಡುತ್ತದೆ. ಎರಡು ಬೋಗಿ ಸೇರಿಸುವ ಆಸೆ, ಆದ್ರೆ ಆನ್‌ಲೈನಲ್ಲಿ ನನಗೆ ಕಾಣುವುದೆಲ್ಲ ಎಚ್‌ಓ. ಎರಡೂ ಒಂದೇನಾ ಮಾರಾಯ್ರೆ?

ಕುಂಬಳೆ ಗೇಟ್:
ಒಂದೇ ಅಲ್ಲ, ಹಳಿ ಮಾತ್ರ ಒಂದೇ. ಎರಡಕ್ಕೂ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎಚ್‌ಓ ಅಂದ್ರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಓಓ 76ರಲ್ಲಿ ಒಂದು ಪಾಲು. ಇದು ಇಂಗ್ಲಿಷರ ಕಿತಾಪತಿ. ಅವರ ಎಂಜಿನ್‌ಗಳು ಯುರೋಪಿನವಕ್ಕಿಂತ ಸಣ್ಣ, ಎಚ್‌ಓ ಅಳತೆಯಲ್ಲಿ ಮಾಡಿದರೆ ಆಗಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಮೈ ದೊಡ್ಡದು ಮಾಡಿದರು, ಹಳಿ ಹಾಗೇ ಬಿಟ್ಟರು. 1938ರಲ್ಲಿ ಹಾರ್ನ್‌ಬಿ ಡಬ್ಲೊ ಅನ್ನುವ ಆಟದ ರೈಲು ಬಂದ ಮೇಲೆ ಅಲ್ಲಿ ಅದೇ ಗಟ್ಟಿಯಾಯಿತು. ಕೊಕ್ಕೆ ಬೇರೆ ಇದ್ದರೆ ಬೋಗಿ ಕೂಡುವುದಿಲ್ಲ, ಫೋಟೋ ಹಾಕಿ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಮೂರು ಹಳಿಯ ಬೋಗಿ ಅಗ್ಗಕ್ಕೆ ಸಿಕ್ಕಿದರೂ ಬೇಡ, ಅದರ ಚಕ್ರ ನಿಮ್ಮ ಹಳಿಯಲ್ಲಿ ಶಾರ್ಟ್ ಮಾಡುತ್ತದೆ.

ಚಂದ್ರಗಿರಿ ದಡ:
ಅಂದ ಹಾಗೆ ಅದು ಓ ಅಕ್ಷರ ಅಲ್ಲ, ಸೊನ್ನೆ. 1891ರಲ್ಲಿ ಮಾರ್ಕ್ಲಿನ್‌ನವರು ಹಳಿಯ ಅಳತೆಗಳಿಗೆ ನಂಬರ್ ಕೊಟ್ಟರು, ಒಂದಕ್ಕಿಂತ ಸಣ್ಣದು ಬಂದಾಗ ಸೊನ್ನೆ ಅಂದರು, ಅದರ ಅರ್ಧವೇ ಎಚ್‌ಓ.
ನನ್ನ ತಕರಾರು ಬೇರೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19.3 ಬರುತ್ತದೆ. ಕಾಸರಗೋಡು ಸ್ಟೇಷನ್ನಲ್ಲಿ ನೋಡುವ ನೀಲಿ ಬೋಗಿಯನ್ನು 16.5ರ ಹಳಿ ಮೇಲೆ ನಿಲ್ಲಿಸಿದರೆ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತ ಹಾಗೆ! ಜಾಗವೂ ಜಾಸ್ತಿ ಬೇಕು, ಎಚ್‌ಓದಲ್ಲಿ ಒಂದು ಬೋಗಿಯೇ ಸುಮಾರು 24.5 ಸೆಂ.ಮೀ., ಹತ್ತು ಸೇರಿಸಿದರೆ ಮಂಚ ದಾಟುತ್ತದೆ. ನಾನಾದರೆ 160ರಲ್ಲಿ ಒಂದು ಪಾಲಿನ ಎನ್ ಸ್ಕೇಲ್ ಹಿಡಿಯುತ್ತಿದ್ದೆ.

ಪೆರ್ಲದ ಭಟ್ರು:
ಅಳತೆ ಆಮೇಲೆ, ಮೊದಲು ಹಳಿ ಒರೆಸಿ. ಕರೆಂಟ್ ಹೋಗುವುದೇ ಹಳಿಯಲ್ಲಿ, ನಮ್ಮ ಮಳೆಗಾಲಕ್ಕೆ ಅದು ಕಿಲುಬು ಹಿಡಿಯದೆ ಇರುತ್ತದಾ? ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಚಕ್ರವನ್ನೂ. ಮರಳು ಕಾಗದ ಬೇಡ, ಗೀರಿನೊಳಗೆ ಮತ್ತೆ ಕೊಳೆ ಕೂರುತ್ತದೆ. ಗೇರಿಗೆ ತೆಂಗಿನೆಣ್ಣೆಯಂತೂ ಬಿಡಲೇಬೇಡಿ, ನಾನು ಬಿಟ್ಟು ಡಿಸೆಂಬರ್ ಬೆಳಿಗ್ಗೆ ಅದು ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು.

ಉಪ್ಪಳದವ:
ಭಟ್ರೇ, ಬಟ್ಟೆ ಕಪ್ಪಾಯಿತು, ಎಂಜಿನ್ ಎರಡು ಸುತ್ತು ನಿಲ್ಲದೆ ಹೋಯಿತು! ಮೂರನೇ ಸುತ್ತಿಗೆ ಮನೆಯ ಕರೆಂಟೇ ಹೋಯಿತು. ಕೊಕ್ಕೆಯ ಫೋಟೋ ನಾಳೆ ಹಾಕುತ್ತೇನೆ.